ಕೇಪಳದ ಕೆಂಪು

ಕೆಂಪು ಟೊಪ್ಪಿಯವರು ನೀರಿನ ಬದಿಯ ದಾರಿಯಲ್ಲಿ, ಹಸಿರು ಟೊಪ್ಪಿಯವರು ಮೇಲಿನ ದಾರಿಯಲ್ಲಿ ಎಂದು ಹರ್ಷಿಣಿ ಕೈಯೆತ್ತಿ ಹೇಳುತ್ತಿದ್ದಾಗ ಅನಂತೇಶ ತನ್ನ ಕೈಗೆ ಬಂದ ಟೊಪ್ಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಹೊಲಿದ ಚೀಟಿಯಲ್ಲಿ ಅಳತೆ ಇತ್ತು, ಒಗೆಯುವ ಕ್ರಮ ಇತ್ತು. ಬಣ್ಣ ಬರೆದಿರಲಿಲ್ಲ.

ಬಗ್ಗಿ ಶೂಸಿನ ದಾರ ಬಿಚ್ಚಿ ಮತ್ತೆ ಕಟ್ಟಲು ತೊಡಗಿದ. ಇದು ಅವನ ಹಳೆಯ ಉಪಾಯ. ದಾರ ಕಟ್ಟಿ ಮುಗಿಯುವಷ್ಟರಲ್ಲಿ ಜನ ತಮ್ಮಷ್ಟಕ್ಕೆ ಎರಡು ಪಾಲಾಗುತ್ತಾರೆ. ಆಮೇಲೆ ಯಾವ ಪಾಲಿನವರು ತನ್ನನ್ನು ಕರೆಯುತ್ತಾರೆಂದು ನೋಡಿದರಾಯಿತು. ಮಣಿಪಾಲದ ಆ ಬೆಳಗಿನ ಚಳಿಯಲ್ಲಿ ಇಪ್ಪತ್ತು ಜನ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಎಲ್ಲರ ತಲೆಯ ಮೇಲೂ ಒಂದೇ ಕಂದು ಟೊಪ್ಪಿ, ಅವನ ಕಣ್ಣಿಗೆ.

"ಉಪಾಧ್ಯರೇ, ನಾವಿಬ್ಬರೂ ಒಂದೇ ಪಾರ್ಟಿ ಮಾರಾಯ್ರೆ, ಬನ್ನಿ," ಎಂದು ಲಿಯೋನೆಲ್ ಹೆಗಲು ತಟ್ಟಿದಾಗ ಅನಂತೇಶನಿಗೆ ನಿರಾಳವಾಯಿತು. ಲಿಯೋನೆಲ್ ಸಂತೆಕಟ್ಟೆಯವನು. ಇಪ್ಪತ್ತಾರು ವರ್ಷ ಮಸ್ಕತ್ತಿನಲ್ಲಿ ಮರಳು ನೋಡಿ ಬಂದದ್ದಕ್ಕೆ ಈಗ ಪ್ರತಿ ಭಾನುವಾರ ಹಸಿರು ನೋಡುವ ವ್ರತ ಹಿಡಿದಿದ್ದಾನೆ ಎಂದು ಅವನೇ ದಾರಿಯುದ್ದಕ್ಕೂ ಹೇಳಿದ. ತಾವಿಬ್ಬರು ಯಾವ ಪಾರ್ಟಿ ಎಂದು ಮಾತ್ರ ಹೇಳಲಿಲ್ಲ. ಇಳಿಯುವ ದಾರಿ ಹಿಡಿದದ್ದರಿಂದ ಕೆಂಪು ಇರಬೇಕು ಎಂದು ಅನಂತೇಶ ಲೆಕ್ಕ ಹಾಕಿದ.

ಐವತ್ತು ವರ್ಷಗಳಿಂದ ಹೀಗೆಯೇ ಲೆಕ್ಕ ಹಾಕಿಕೊಂಡು ಬದುಕಿದವನು ಅನಂತೇಶ ಉಪಾಧ್ಯ. ಅಂಚೆ ಡಬ್ಬಿ ಕೆಂಪು, ಕುಂಕುಮ ಕೆಂಪು, ಸಿಗ್ನಲ್ಲಿನ ಮೇಲಿನ ದೀಪ ಕೆಂಪು. ಬಾಯಿಪಾಠ ಮಾಡಿದರೆ ಲೋಕದಲ್ಲಿ ಬಹಳಷ್ಟು ದೂರ ಹೋಗಬಹುದು. ಕಾರ್ಕಳದ ಒಂದು ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಪಾಠ ಮಾಡುವಷ್ಟು ದೂರ. ವರ್ಷಕ್ಕೊಮ್ಮೆ ಅನುವಂಶೀಯತೆಯ ಪಾಠದಲ್ಲಿ ಬಣ್ಣಗುರುಡಿನ ಉದಾಹರಣೆ ಬರುತ್ತಿತ್ತು. ತಾಯಿಯಿಂದ ಮಗನಿಗೆ ಅದು ಹೇಗೆ ಇಳಿಯುತ್ತದೆ ಎಂದು ಅವನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ. ಅಜ್ಜನ ಜಾಗದಲ್ಲಿ, ಸೋದರಮಾವನ ಜಾಗದಲ್ಲಿ, ಮಗನ ಜಾಗದಲ್ಲಿ ಚೌಕ ಬರೆದು ಒಳಗೆ ಗೆರೆ ತುಂಬುತ್ತಿದ್ದ. ಅದು ತನ್ನದೇ ವಂಶವೃಕ್ಷ ಎಂದು ಅರುವತ್ತು ಮಕ್ಕಳಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಬಳಪ ಬಿಳಿಯದಾದ್ದರಿಂದ ಅದರಲ್ಲಿ ತಪ್ಪುವ ಭಯವೂ ಇರಲಿಲ್ಲ.

ಹರ್ಷಿಣಿ ಅವನ ಹಳೆಯ ವಿದ್ಯಾರ್ಥಿನಿ. ಈಗ ಜನರನ್ನು ಕಾಡುಮೇಡು ಸುತ್ತಿಸುವ ಕೆಲಸ ಮಾಡುತ್ತಾಳೆ. ಹತ್ತು ದಿನದ ಹಿಂದೆ ಅವನ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದಳು. ಯಾವುದೋ ಹಿಮದ ದೇಶದ ಕಾಡು, ಕೆಳಗೆ 'ಶರತ್ಕಾಲದ ಬಣ್ಣಗಳು: ಹೊಳೆ ಮತ್ತು ಗುಡ್ಡದ ನಡಿಗೆ' ಎಂಬ ಬರಹ, ಅದರ ಕೆಳಗೆ ಮಾರ್ಗದರ್ಶನ ಎಂದು ಅವನ ಹೆಸರು. ಅವನು ಫೋನ್ ಮಾಡಿ, ನಮ್ಮ ಊರಲ್ಲಿ ಶರತ್ಕಾಲಕ್ಕೆ ಕಾಡು ಕೆಂಪಾಗುವುದಿಲ್ಲ, ಭತ್ತ ಹಣ್ಣಾಗುತ್ತದೆ, ಹುಲ್ಲು ಒಣಗುತ್ತದೆ, ಅಷ್ಟೇ ಎಂದು ಪಾಠದ ಧಾಟಿಯಲ್ಲಿ ಹೇಳಿದ್ದ. ಹುಡುಕಿದರೆ ಉಂಟು ಸರ್, ನೀವು ಬನ್ನಿ ಸಾಕು, ಎಂದಿದ್ದಳು. ಮೇ ತಿಂಗಳಲ್ಲಿ ನಿವೃತ್ತನಾದ ಮೇಲೆ ಮದುವೆ ಕಾಗದ ಬಿಟ್ಟು ಬೇರೆ ಯಾವ ಕಾಗದದಲ್ಲೂ ತನ್ನ ಹೆಸರು ಕಾಣದಿದ್ದ ಅನಂತೇಶ ಒಪ್ಪಿಕೊಂಡ.

ಹೆಂಡತಿ ವಾರಿಜಾ ಜೊತೆಗೆ ಬರುತ್ತಾಳೆ ಎಂಬ ಧೈರ್ಯವೂ ಇತ್ತು.

ಅವಳಿಗೆ ಮಾತ್ರ ಗೊತ್ತಿತ್ತು. ಮದುವೆಯಾದ ಹದಿನೈದನೆಯ ದಿನ, ಹಿತ್ತಿಲಿನ ಗಿಡದಿಂದ ಹಣ್ಣುಮೆಣಸು ಕೊಯ್ದು ತನ್ನಿ ಎಂದದ್ದಕ್ಕೆ ಅವನು ಹಿಡಿ ತುಂಬ ಕಾಯಿ ತಂದು ಕೊಟ್ಟಿದ್ದ. ಅವಳು ಒಮ್ಮೆ ಮೆಣಸನ್ನು, ಒಮ್ಮೆ ಅವನನ್ನು ನೋಡಿ, ತಾನೇ ಹೋಗಿ ಕೊಯ್ದು ತಂದಳು. ಅಂದಿನಿಂದ ಕಾಲೇಜಿನ ಪ್ರತಿ ಪ್ರವಾಸದಲ್ಲೂ ಉಪ್ಪಿಟ್ಟಿನ ಡಬ್ಬಿ ಹಿಡಿದು 'ಮೇಡಂ' ಕೂಡ ಹೊರಡುತ್ತಿದ್ದಳು. ಅವನ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ನಡೆಯುತ್ತ, ಕೆಮ್ಮಿದ ಹಾಗೆ, ಕೆಂಪು, ತಿಳಿಗೆಂಪು, ತುದಿಗೆ ಮಾತ್ರ ಕೆಂಪು ಎಂದು ಉಸುರುತ್ತಿದ್ದಳು. ಉಪಾಧ್ಯ ಸರ್ ಹೆಂಡತಿಯನ್ನು ಬಿಟ್ಟಿರುವುದಿಲ್ಲ ಎಂದು ಮಕ್ಕಳು ನಗುತ್ತಿದ್ದರು.

ಇವತ್ತು ಬೆಳಿಗ್ಗೆ ಐದೂವರೆಗೆ ಅವಳು ಕಾಫಿ ಲೋಟ ಮುಂದಿಟ್ಟು, ತಾನು ಬರುವುದಿಲ್ಲ ಎಂದಳು. ಮೊಣಕಾಲು ನೋವೇ ಎಂದು ಕೇಳಿದ. ನೋವಿಲ್ಲ ಎಂದಳು. ಮತ್ತೆ ಎಂತ ಎಂದು ಕೇಳಿದ.

"ಮೂವತ್ತು ವರ್ಷದಲ್ಲಿ ಒಂದು ಮರವನ್ನು ನಾನು ನನಗೆ ಅಂತ ನೋಡಲಿಲ್ಲ. ನೋಡುವಾಗಲೇ ನಿಮಗೆ ಹೇಳಬೇಕು. ಪೆನ್ಶನ್ ಬಂತಲ್ಲ, ಇನ್ನು ಯಾರ ಹೆದರಿಕೆ? ನೀವೇ ಹೇಳಿ ಅವರಿಗೆ."

ಅವನಿಗೆ ಸಿಟ್ಟು ಬಂತು. ಹೇಳುವುದೇನು ಬಂತು? ತನಗೆ ಕಾಣುತ್ತದೆ. ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ. ಎಲೆಯ ಅಂಚು, ನರ, ರೋಮ, ತೊಟ್ಟಿನ ಬುಡದ ಗಂಟು; ಬಣ್ಣ ನೋಡಿ ಮರುಳಾಗುವವರಿಗೆ ಇದೊಂದೂ ಕಾಣುವುದಿಲ್ಲ. ಹೀಗೆಲ್ಲ ಹೇಳಬೇಕೆಂದುಕೊಂಡ. ಆದರೆ ಅರ್ಧ ಕಾಫಿ ಬಿಟ್ಟು ಜೋಡುರಸ್ತೆಗೆ ನಡೆದು ಬಸ್ಸು ಹಿಡಿದ.

ಸ್ವರ್ಣಾ ಹೊಳೆಯ ಮೇಲೆ ಇನ್ನೂ ಮಂಜು ಕೂತಿತ್ತು. ದಡದ ಗದ್ದೆಯಲ್ಲಿ ಕೊಯ್ಲಿಗೆ ಬಂದ ಭತ್ತ. ಅದರ ಹಳದಿ ಅವನಿಗೆ ಲಕ್ಷಣವಾಗಿ ಕಾಣುತ್ತಿತ್ತು. ಆಕಾಶದ ನೀಲಿ ಕಾಣುತ್ತಿತ್ತು. ಈ ಎರಡರ ಬಲದಿಂದ ಅವನು ಅರ್ಧ ಗಂಟೆ ಚೆನ್ನಾಗಿಯೇ ಮಾತಾಡಿದ. ಎಲೆ ಉದುರುವುದು ಸಾವಲ್ಲ, ಮರದ ಮಿತವ್ಯಯ ಎಂದ. ಒಂದು ತೊಟ್ಟು ಮುರಿದು ಮೂಸಲು ಕೊಟ್ಟ. ಯಾರಾದರೂ ಬಣ್ಣದ ಮಾತೆತ್ತಿದರೆ ಲ್ಯಾಟಿನ್ ಹೆಸರು ಹೇಳುತ್ತಿದ್ದ. ಲ್ಯಾಟಿನ್ ಕೇಳಿದವರು ಸಾಮಾನ್ಯವಾಗಿ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ತಂಡದಲ್ಲಿ ಮೋಕ್ಷಾ ಎಂಬ ಹುಡುಗಿ ಇದ್ದಳು, ವೈದ್ಯಕೀಯ ಓದುವವಳು. ಹೆಜ್ಜೆಗೊಂದು ಫೋಟೋ ತೆಗೆಯುತ್ತ, ಸರ್ ಸರ್ ಎನ್ನುತ್ತ ಅವನ ಬಲಗಡೆ ನಡೆಯುತ್ತಿದ್ದಳು. ದಾರಿ ಬದಿಯ ಪೊದೆಯೊಂದನ್ನು ಕಂಡು ಅವಳು, ಅಬ್ಬಾ ಎಷ್ಟು ಹೂ, ಎಂದಾಗ ಅನಂತೇಶ ಹೌದು ಹೌದು ಎಂದ. ಅವನ ಕಣ್ಣಿಗೆ ಬರೀ ಎಲೆ. ಆದರೆ ಎಲೆಯ ಗುರುತು ಹತ್ತಿದ ಕೂಡಲೇ ಅವನು ಹೆಜ್ಜೆ ಬೇಗ ಬೇಗ ಹಾಕಿದ. ಅದು ಕೇಪಳದ ಗಿಡ, ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವಂಥದ್ದು.

ಎಂಟು ವರ್ಷದವನಾಗಿದ್ದಾಗ ನವರಾತ್ರಿಯ ಒಂದು ಬೆಳಿಗ್ಗೆ ಅಪ್ಪ ಬುಟ್ಟಿ ಕೊಟ್ಟು ದೇವಿಯ ಪೂಜೆಗೆ ಕೇಪಳ ಕೊಯ್ದು ತಾ ಎಂದು ಗುಡ್ಡೆಗೆ ಅಟ್ಟಿದ್ದರು. ಗುಡ್ಡೆ ತುಂಬ ಕೇಪಳ ಅರಳಿದ ಕಾಲ. ಅವನು ಒಂದು ಗಂಟೆ ಸುತ್ತಿ ಖಾಲಿ ಬುಟ್ಟಿ ತಂದ. ಹೂವಿಲ್ಲ ಎಂದ. ಅಪ್ಪ ಅವನ ಕಿವಿ ಹಿಡಿದು ಎಳೆದುಕೊಂಡು ಹೋಗಿ, ಅಂಗಳದ ಆಚೆಗೇ ಇದ್ದ ಗಿಡದ ಮುಂದೆ ನಿಲ್ಲಿಸಿ, ಇದೆಂತದು, ಇದೆಂತದು ಎಂದು ಮೂರು ಸಲ ಕೇಳಿದರು. ಅವನು ಮೂರು ಸಲವೂ ಎಲೆ ಎಂದ. ಸುಳ್ಳು ಹೇಳುತ್ತಿ, ಸೋಮಾರಿ, ಎಂದು ಬೆನ್ನಿಗೆ ಬಿತ್ತು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುವುದನ್ನು ಅವನು ಕಲಿತದ್ದು ಹಾಗೆ. ಅಮ್ಮ ಮಾತ್ರ ರಾತ್ರಿ ಬೆನ್ನಿಗೆ ಎಣ್ಣೆ ಹಚ್ಚುತ್ತ, ನಿನ್ನ ಮಾವನದ್ದೂ ಹೀಗೇ ಮಗ, ಕಣ್ಣು ಮುಚ್ಚಿ ಕೊಯ್ಯಿ, ಎಲೆ ದಪ್ಪ, ಹೂವಿನ ತೊಟ್ಟು ನೂಲಿನಷ್ಟು ತೆಳು, ಬೆರಳಿಗೆ ಗೊತ್ತಾಗ್ತದೆ, ಎಂದಳು. ಮರುದಿನದಿಂದ ಅವನು ಕಣ್ಣು ಮುಚ್ಚಿ ಬುಟ್ಟಿ ತುಂಬಿದ. ಅಪ್ಪನಿಗೆ ಸಮಾಧಾನವಾಯಿತು. ಬುದ್ಧಿ ಬಂತು ಎಂದು ನಾಲ್ಕು ಜನರ ಎದುರು ಹೊಗಳಿದರು.

ಒಂಬತ್ತು ಗಂಟೆಗೆ ಎರಡೂ ತಂಡಗಳು ಹೊಳೆಯ ತಿರುವಿನಲ್ಲಿದ್ದ ದೊಡ್ಡ ಬಾದಾಮಿ ಮರದ ಕೆಳಗೆ ಸೇರಿದವು. ಜನ ಮರ ಕಂಡು ಒಮ್ಮೆಲೇ ಗದ್ದಲ ಎಬ್ಬಿಸಿದರು. ಎಲ್ಲ ಮೊಬೈಲುಗಳೂ ಮೇಲೆದ್ದವು. ಇದಕ್ಕೇ ಬಂದದ್ದು ನಾವು, ವಿದೇಶಕ್ಕೆ ಯಾಕೆ ಹೋಗಬೇಕು ಮಾರಾಯ್ರೆ, ಎಂದ ಲಿಯೋನೆಲ್. ಅನಂತೇಶ ಮೇಲೆ ನೋಡಿದ. ಅಗಲ ಎಲೆಗಳ ಒಂದು ಸಾಧಾರಣ ಬಾದಾಮಿ ಮರ. ಕೆಲವು ಎಲೆ ಹಣ್ಣಾಗಿರಬೇಕು. ಎಲ್ಲವೂ ಹಳೆಯ ಕಂಚಿನ ಬಣ್ಣ.

ಹರ್ಷಿಣಿ ನೆಲದಿಂದ ಎರಡು ಎಲೆ ಹೆಕ್ಕಿ ಅವನ ಮುಂದೆ ಬಂದು ನಿಂತಳು. ಗದ್ದಲ ಸ್ವಲ್ಪ ಇಳಿಯಲಿ ಎಂದು ಕಾದಳು. ಆಮೇಲೆ ಎರಡು ಕೈಯಲ್ಲಿ ಎರಡು ಎಲೆ ಹಿಡಿದು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಸರ್, ಇದರಲ್ಲಿ ಕೆಂಪು ಯಾವುದು?"

ಯಾರಿಗೂ ಆ ಪ್ರಶ್ನೆ ವಿಚಿತ್ರವೆನಿಸಲಿಲ್ಲ. ಪಾಠದ ಪೀಠಿಕೆ ಎಂದುಕೊಂಡರು. ಅನಂತೇಶ ಮಾತ್ರ ಅವಳ ಮುಖ ನೋಡಿದ. ಆ ಮುಖದಲ್ಲಿ ವಿದ್ಯಾರ್ಥಿಯ ವಿನಯ ಇರಲಿಲ್ಲ. ಹನ್ನೆರಡು ವರ್ಷದ ಹಿಂದಿನ ಪರೀಕ್ಷೆಯ ಕೋಣೆ, ಸಾಲಾಗಿ ಇಟ್ಟ ಸೂಕ್ಷ್ಮದರ್ಶಕಗಳು, ಮೂರನೆಯ ಮೇಜಿನ ಬಳಿ ಕೈ ಕಟ್ಟಿ ನಿಂತ ಇದೇ ಹುಡುಗಿ, ಎಲ್ಲ ಅವನಿಗೆ ನೆನಪಾಯಿತು.

ಕಾಂಡವನ್ನು ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ಎರಡು ಬಣ್ಣ ಹಾಕುವ ಪರೀಕ್ಷೆ ಅದು. ನೀರು ಹರಿಯುವ ನಾಳಗಳು ಕೆಂಪು ಹಿಡಿಯಬೇಕು, ಉಳಿದದ್ದು ಹಸಿರು. ಮೂವತ್ತೆರಡು ವರ್ಷ ಅವನು ಆ ಸ್ಲೈಡುಗಳನ್ನು ಆಕಾರ ನೋಡಿಯೇ ತಿದ್ದಿದ್ದ. ಆಕಾರ ಅವನಿಗೆ ಎಂದೂ ಕೈ ಕೊಟ್ಟಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರಿಗೂ ಸಂಶಯ ಬರಬಾರದೆಂದು ಅವನು ಬಣ್ಣದ ಬಗ್ಗೆಯೇ ಹೆಚ್ಚು ಮಾತಾಡುತ್ತಿದ್ದ. ಆ ದಿನ ಹರ್ಷಿಣಿಯ ಕೊಯ್ತ, ಅಂದರೆ ಸೆಕ್ಷನ್, ದಪ್ಪವಾಗಿತ್ತು. ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನಿಂತಿದ್ದರು. ದಪ್ಪವಾಗಿದೆ ಎಂದರೆ ಮುಗಿಯುತ್ತಿತ್ತು. ಅವನು, ಕೆಂಪು ಹಿಡಿಯಲೇ ಇಲ್ಲ, ನಿನಗೆ ಕಣ್ಣು ಕಾಣುವುದಿಲ್ಲವಾ, ಎಂದುಬಿಟ್ಟ. ಪರೀಕ್ಷಕರು ಬಗ್ಗಿ ನೋಡಿ, ಒಂದು ಕ್ಷಣ ಅವನ ಮುಖವನ್ನೂ ನೋಡಿ, ಹಿರಿಯರ ಮಾತು ತೆಗೆದುಹಾಕುವುದು ಬೇಡವೆಂದೋ ಏನೋ, ಸುಮ್ಮನೆ ಮುಂದಿನ ಮೇಜಿಗೆ ಹೋದರು.

ಈಗ ಹೇಳಬಹುದಾದ ಮಾತುಗಳು ಬೇಕಾದಷ್ಟಿದ್ದವು. ನೀವೇ ಹೇಳಿ ನೋಡೋಣ ಎನ್ನಬಹುದಿತ್ತು. ಲ್ಯಾಟಿನ್ ಹೆಸರು ಇತ್ತು. ಶೂಸಿನ ದಾರ ಇತ್ತು. ಎಡಗಡೆ ಅರ್ಧ ಹೆಜ್ಜೆ ಹಿಂದೆ ಒಂದು ಕೆಮ್ಮು ಕೇಳಿಸೀತೇ ಎಂದು ಅವನು ಅರೆಕ್ಷಣ ಕಾದದ್ದೂ ನಿಜ. ಆಮೇಲೆ ಅವನೊಳಗೆ ಏನೋ ಸೆಟೆದುಕೊಂಡಿತು. ಎಂಟು ವರ್ಷದ ಹುಡುಗ ಮೂರು ಸಲ ಎಲೆ ಎಂದಿದ್ದನಲ್ಲ, ಅದೇ ಹಟ.

"ನನಗೆ ಕೆಂಪು ಕಾಣುವುದಿಲ್ಲ," ಎಂದ. "ಎಂದೂ ಕಂಡಿಲ್ಲ."

ಹೊಳೆ ಹರಿಯುತ್ತಿತ್ತು. ಯಾವುದೋ ಹಕ್ಕಿ ಕೂಗುತ್ತಿತ್ತು. ಇಷ್ಟು ವರ್ಷ ಹೊತ್ತ ಮೂಟೆಯನ್ನು ಇಳಿಸಿದ ಸದ್ದು ಯಾರಿಗಾದರೂ ಕೇಳಿಸಬೇಕಿತ್ತು ಎಂದು ಅವನು ಸುತ್ತ ನೋಡಿದ.

"ಹಸಿರು?" ಎಂದು ಕೇಳಿದ ಲಿಯೋನೆಲ್, ನಿಜವಾದ ಕುತೂಹಲದಿಂದ.

"ಅದೂ ಅಷ್ಟೆ."

"ಹಾಗಾದರೆ ನನ್ನ ಅಂಗಿ ಎಂತ ಬಣ್ಣ ಕಾಣ್ತದೆ ನಿಮಗೆ?"

ಅಲ್ಲಿಗೆ ಶುರುವಾಯಿತು. ಯಾರೋ ಬಿಸ್ಕಿಟಿನ ಪೊಟ್ಟಣ ಹಿಡಿದು ಇದು ಎಂದರು. ಒಬ್ಬಾಕೆ ದುಪಟ್ಟಾದ ಅಂಚು ಮುಂದೆ ಚಾಚಿ ಇದು ಎಂದಳು. ತಲೆಯ ಟೊಪ್ಪಿ ತೆಗೆದು ಇದು, ಹಾಗಾದರೆ ಇದು, ಎಂದರು. ಅವನು ತಪ್ಪಿದಾಗೆಲ್ಲ ನಕ್ಕರು, ಕೆಟ್ಟ ನಗುವಲ್ಲ, ಮಕ್ಕಳು ಹೊಸ ಆಟ ಸಿಕ್ಕಾಗ ನಗುವ ನಗು. ಒಂದು ಸರಿಯಾದಾಗ ಚಪ್ಪಾಳೆ ತಟ್ಟಿದರು. ಮೂವತ್ತೆರಡು ವರ್ಷ ಅವನು ಹೆದರಿ ಹೆದರಿ ಕಾದಿಟ್ಟ ಗುಟ್ಟು ಹತ್ತು ನಿಮಿಷದ ಕಾಲಕ್ಷೇಪವಾಯಿತು. ಕಲ್ಲು ಹೊಡೆದಿದ್ದರೆ ಅವನು ಎದೆ ಕೊಟ್ಟು ನಿಲ್ಲುತ್ತಿದ್ದ. ಬಿಸ್ಕಿಟಿನ ಪೊಟ್ಟಣಕ್ಕೆ ಎದೆ ಕೊಡುವುದು ಹೇಗೆಂದು ತಿಳಿಯಲಿಲ್ಲ.

ಮೋಕ್ಷಾ ಎಲ್ಲರನ್ನೂ ಸುಮ್ಮನಿರಿಸಿದಳು. ಇದು ರೋಗವಲ್ಲ, ನೂರು ಗಂಡಸರಲ್ಲಿ ಐದಾರು ಜನಕ್ಕೆ ಇರುತ್ತದೆ, ತಾಯಿಯಿಂದ ಬರುವುದು, ಎಂದು ವಿವರಿಸಿದಳು. ಅವನೇ ಬರೆಸುತ್ತಿದ್ದ ನೋಟ್ಸಿನ ವಾಕ್ಯಗಳು. ಆಮೇಲೆ ತನ್ನ ಮೊಬೈಲಿನಲ್ಲಿ ಏನೋ ಒತ್ತಿ, ಮರದತ್ತ ಹಿಡಿದು, ಹೀಗೆ ಕಾಣುವುದು ಅವರಿಗೆ, ಎಂದಳು. ಇಪ್ಪತ್ತು ತಲೆಗಳು ಆ ಪುಟ್ಟ ಗಾಜಿನ ಮೇಲೆ ಬಗ್ಗಿದವು. ತನ್ನ ಕಣ್ಣೊಳಗೆ ಜನ ಚಪ್ಪಲಿ ಹಾಕಿಕೊಂಡೇ ನುಗ್ಗಿದಂತೆ ಅನಂತೇಶನಿಗೆ ಅನ್ನಿಸಿತು.

"ಅಯ್ಯೋ, ಎಷ್ಟು ಮಂಕು," ಎಂದಳು ದುಪಟ್ಟಾದಾಕೆ.

"ಪಾಪ," ಎಂದರು ಯಾರೋ.

"ಈಗ ಅದಕ್ಕೆ ಕನ್ನಡಕ ಬಂದಿದೆ ಅಂಕಲ್," ಎಂದಳು ಮೋಕ್ಷಾ ಮೆಲ್ಲಗೆ. "ಆನ್‌ಲೈನಲ್ಲಿ ಸಿಗ್ತದೆ. ನಾನು ಲಿಂಕ್ ಕಳಿಸ್ತೇನೆ."

ಬೆಳಗಿನಿಂದ ಅವಳ ಬಾಯಲ್ಲಿ ಸರ್ ಆಗಿದ್ದವನು ಈಗ ಅಂಕಲ್ ಆಗಿದ್ದ. ಅನಂತೇಶ ಟೊಪ್ಪಿಯನ್ನು ತೆಗೆದು ಅವಳ ಕೈಗೆ ಕೊಟ್ಟ.

"ಮಂಕು ಅಲ್ಲ ಅದು," ಎಂದ. ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. "ನೀವು ನೋಡಿದ್ದು ಫೋನು. ನಾನು ನೋಡುವುದು ಮರ."

ಗುಡ್ಡದ ದಾರಿ ಹಿಡಿದು ಒಬ್ಬನೇ ಹೊರಟ. ಹಿಂದಿನಿಂದ ಲಿಯೋನೆಲ್ ಕರೆದದ್ದು ಕೇಳಿಸಿತು, ತಿರುಗಲಿಲ್ಲ. ಸಿಟ್ಟು ಮೊಣಕಾಲಿಗೆ ಬಲ ಕೊಡುತ್ತದೆ. ತೂತುತೂತಾದ ಮುರಕಲ್ಲಿನ ಮೇಲೆ ಧಡಧಡ ಹತ್ತಿದ. ಪಾಪವಂತೆ. ಮಂಕಂತೆ. ಇವರೆಲ್ಲ ಸೇರಿ ಕೈಯೆತ್ತಿ ಒಂದು ಬಣ್ಣವನ್ನು ಗೆಲ್ಲಿಸಿಕೊಂಡಿದ್ದಾರೆ. ಅದಕ್ಕೆ ಕೆಂಪು ಎಂದು ಹೆಸರಿಟ್ಟಿದ್ದಾರೆ. ಅದು ಕಾಣದವನು ಬಡವ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ ಮಾಡಿದವರೂ ಇವರೇ. ಕಾಮಾಲೆಯವನನ್ನು ಕೇಳಿ ಮಾಡಿದ ಗಾದೆಯಲ್ಲ ಅದು.

ನೆತ್ತಿಯಲ್ಲಿ ಗಾಳಿ ಇತ್ತು. ಮಳೆ ನಿಂತು ಒಣಗಿದ ಮುಳಿಹುಲ್ಲು ಗುಡ್ಡದ ಬೆನ್ನಿನುದ್ದಕ್ಕೂ ಬಾಗಿ ಏಳುತ್ತಿತ್ತು. ಎಳೆ ಬಿಸಿಲಿಗೆ ಅದರ ಹಳದಿಯಲ್ಲಿ ಎಷ್ಟು ಬಗೆ! ಜೇನಿನಂಥದ್ದು, ತುಪ್ಪದಂಥದ್ದು, ಹೊಸ ಚಾಪೆಯಂಥದ್ದು. ದೂರದಲ್ಲಿ ಘಟ್ಟದ ನೀಲಿ. ಕೆಳಗೆ ಹೊಳೆಯ ಬೆಳ್ಳಿ. ಅವನಿಗೆ ಸಂತೋಷವಾಯಿತು. ಯಾರೂ ಹೇಳಿಕೊಡದೆ, ಯಾರಿಗೂ ಹೇಳಬೇಕಾಗಿಲ್ಲದೆ ಆದ ಸಂತೋಷ. ವಾರಿಜಾ ಹೇಳಿದ್ದು ಇದೇ ಇರಬೇಕು ಎಂದು ಹೊಳೆಯಿತು. ಹೊಳೆದ ಕೂಡಲೇ ಸಂತೋಷ ಅರ್ಧಕ್ಕೆ ಇಳಿಯಿತು.

ಹರ್ಷಿಣಿ ಏದುಸಿರು ಬಿಡುತ್ತ ಹತ್ತಿ ಬಂದಳು. ನೀರಿನ ಬಾಟಲಿ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಟೊಪ್ಪಿ ಬೇಕಂತಲೇ ಕೊಟ್ಟದ್ದಾ?" ಎಂದು ಕೇಳಿದ.

"ಹೌದು ಸರ್."

"ಯಾವಾಗಿನಿಂದ ಗೊತ್ತುಂಟು?"

ಪರೀಕ್ಷೆ ಮುಗಿದ ವಾರವೇ, ಎಂದಳು. ಸರ್ ಹೇಳಿದ ಮೇಲೆ ತಪ್ಪಿರಲಿಕ್ಕಿಲ್ಲ, ತನ್ನ ಕಣ್ಣಲ್ಲೇ ಏನೋ ದೋಷ ಎಂದು ಹೆದರಿ ಅವಳು ಕಣ್ಣಿನ ಡಾಕ್ಟರ ಬಳಿ ಹೋಗಿದ್ದಳು. ಅವರು ಬಣ್ಣದ ಚುಕ್ಕಿಗಳ ಪುಸ್ತಕ ಮುಂದಿಟ್ಟು ಚುಕ್ಕಿಗಳ ನಡುವಿನ ಅಂಕಿ ಓದಿಸಿದರು. ಅವಳು ಎಲ್ಲವನ್ನೂ ಓದಿದಳು. ಕಾಣದ್ದು ಯಾರ ಕಣ್ಣಿಗೆಂದು ಆಗಲೇ ಹೊಳೆಯಿತು. ಅಪ್ಪ ಹೊರಗೆ ಕೂತಿದ್ದರು. ಕಣ್ಣು ಸರಿ ಉಂಟಾದರೆ ಕಲಿಯುವುದರಲ್ಲೇ ನಿನಗೆ ಮನಸ್ಸಿಲ್ಲ ಎಂದಾಯಿತಲ್ಲ, ಎಂದರು ಅಪ್ಪ. ಆ ಪರೀಕ್ಷೆಯ ಅಂಕ ಕಡಿಮೆ ಬಂತು, ಮುಂದಿನ ಓದು ಅಲ್ಲಿಗೆ ನಿಂತಿತು. ಇದನ್ನೆಲ್ಲ ಅವಳು ಗದ್ದೆ ಕೊಯ್ಲಿನ ಸುದ್ದಿ ಹೇಳಿದಷ್ಟು ಸಮವಾಗಿ ಹೇಳಿದಳು.

"ಆಗಲೇ ಹೇಳಬಹುದಿತ್ತಲ್ಲ ನೀನು."

"ನೀವು ಹೇಳ್ತೀರಿ ಅಂತ ಕಾದೆ."

ಅವನು ಹುಲ್ಲಿನ ಕಡ್ಡಿಯೊಂದನ್ನು ಎಳೆದು ಬೆರಳಿಗೆ ಸುತ್ತಿದ. ಕೆಳಗೆ ನಕ್ಕವರೆಲ್ಲರಿಗಿಂತ ಇವಳ ಸಿಟ್ಟೇ ವಾಸಿ ಎನ್ನಿಸಿತು. ಇವಳೊಬ್ಬಳು ಪಾಪ ಎನ್ನಲಿಲ್ಲ.

"ಹೇಳಿದೆನಲ್ಲ ಇವತ್ತು. ಎಲ್ಲರ ಎದುರೇ ಹೇಳಿದೆ."

"ಇವತ್ತು ಹೇಳಿದ್ದು ನಿಮ್ಮ ಕಣ್ಣಿನ ಸುದ್ದಿ ಸರ್. ನನ್ನ ಸ್ಲೈಡಿನ ಸುದ್ದಿ ಅಲ್ಲ."

ಅವಳು ಕಾದಳು. ಗಾಳಿ ಬೀಸಿತು, ಹುಲ್ಲು ಬಾಗಿತು. ಹೇಳಬೇಕಾದ ಮಾತು ಅವನ ಗಂಟಲಲ್ಲೇ ಇತ್ತು, ಐದೇ ಶಬ್ದ: ನಿನ್ನದು ಕೆಂಪೇ ಇತ್ತು, ನಾನೇ ತಪ್ಪಿದೆ. ಆದರೆ ಅವನು ಆ ಕೆಂಪನ್ನು ನೋಡಿರಲಿಲ್ಲ. ನೋಡದ್ದನ್ನು ಇತ್ತು ಎಂದು ಹೇಳುವುದು ಮತ್ತೆ ಅದೇ ಬಾಯಿಪಾಠವಾಗುತ್ತದೆ ಎಂದು ತನಗೆ ತಾನೇ ವಾದ ಹೂಡಿದ. ವಾದ ಬಲವಾಗಿಯೇ ಇತ್ತು. ಸುಳ್ಳು ಎಂದು ಅವನಿಗೆ ಗೊತ್ತಾಗುವಷ್ಟು ಬಲವಾಗಿತ್ತು.

"ಸೆಕ್ಷನ್ ದಪ್ಪ ಇತ್ತು," ಎಂದ.

"ದಪ್ಪ ಇತ್ತು, ಅದು ಹೌದು," ಎಂದಳು ಹರ್ಷಿಣಿ. ಬಾಟಲಿಯನ್ನು ಕಲ್ಲಿನ ಮೇಲಿಟ್ಟು ಇಳಿದು ಹೋದಳು. ದಾರಿಯ ತಿರುವಿನಲ್ಲಿ ಅವಳ ಟೊಪ್ಪಿ ಸ್ವಲ್ಪ ಹೊತ್ತು ಕಾಣಿಸಿತು. ಅದು ಯಾವ ಬಣ್ಣದ್ದೆಂದು ಅವನಿಗೆ ಗೊತ್ತಾಗಲಿಲ್ಲ.

ಸಂಜೆಯವರೆಗೆ ಅವನು ಅಲ್ಲೇ ಇದ್ದ. ಆಮೇಲೆ ಹಿರಿಯಡ್ಕದ ಮೇಲಿಂದ ಹೋಗುವ ಬಸ್ಸು ಹತ್ತಿ ಕಿಟಕಿಯ ಬದಿ ಕೂತ. ಮೊಬೈಲು ಎರಡು ಸಲ ಗುರುಗುಟ್ಟಿತು. ಒಂದು, ಕನ್ನಡಕದ ಲಿಂಕ್. ಇನ್ನೊಂದು, ತಂಡದವರ ಗುಂಪಿಗೆ ಯಾರೋ ಹಾಕಿದ ಚಿತ್ರ: ಬಾದಾಮಿ ಮರದ ಕೆಳಗೆ ಎಲ್ಲರೂ ನಕ್ಕು ನಿಂತಿದ್ದಾರೆ, ಅವನಿಲ್ಲ. ಹರ್ಷಿಣಿಯಿಂದ ಏನೂ ಬರಲಿಲ್ಲ. ಅವಳ ಹೆಸರಿನ ಮೇಲೆ ಬೆರಳಿಟ್ಟು, ನಿನ್ನ ಸ್ಲೈಡ್, ಎಂದು ಬರೆದ. ಜೋಡುರಸ್ತೆ ಬಂತು. ಅಳಿಸಿ ಇಳಿದ.

ಕುಕ್ಕುಂದೂರಿನ ಮನೆಯ ಗೇಟು ತೆರೆಯುವಾಗ ಹೊತ್ತು ಮುಳುಗಿತ್ತು, ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ವಾರಿಜಾ ಜಗಲಿಯಲ್ಲಿ ಕೂತು ಏನನ್ನೋ ನೋಡುತ್ತಿದ್ದಳು. ಏನನ್ನು ಎಂದು ಅವನು ಅವಳ ಕಣ್ಣಿನ ಜಾಡು ಹಿಡಿದು ನೋಡಿದ. ಅಂಗಳದ ಮೂಲೆಯ ಕೇಪಳದ ಗಿಡ. ಮದುವೆಯಾಗಿ ಬಂದ ವರ್ಷ ಅವಳೇ ನೆಟ್ಟದ್ದು. ಅದು ವರ್ಷವಿಡೀ ಅರಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

"ಹೇಳಿದಿರಾ?" ಎಂದು ಕೇಳಿದಳು.

ಹೇಳಿದೆ ಎಂದ. ಎಂತ ಹೇಳಿದರು ಎಂದು ಅವಳು ಕೇಳಲಿಲ್ಲ. ಹೇಳುವುದನ್ನು ಪೂರ್ತಿ ಹೇಳಿದಿರಾ ಎಂದು ಕೇಳಿದ್ದರೆ ಅವನು ಏನು ಉತ್ತರ ಕೊಡುತ್ತಿದ್ದನೋ ಗೊತ್ತಿಲ್ಲ. ಅವಳು ಅದನ್ನೂ ಕೇಳಲಿಲ್ಲ. ಅವಳಿಗೆ ಹರ್ಷಿಣಿಯ ಸಂಗತಿ ಗೊತ್ತಿರಲಿಲ್ಲ. ಪರೀಕ್ಷೆಯ ಕೋಣೆಯೊಳಗೆ ಮೇಡಂಗೆ ಪ್ರವೇಶವಿರಲಿಲ್ಲ.

ಅವನು ಒಳಗೆ ಹೋಗಿ ದೇವರ ಕೋಣೆಯ ಗೂಟದಿಂದ ಹೂಬುಟ್ಟಿ ತೆಗೆದ. ಅಂಗಳಕ್ಕಿಳಿದ.

"ಮುಸ್ಸಂಜೆಗೆ ಹೂ ಕೊಯ್ಯಬಾರದು," ಎಂದಳು ವಾರಿಜಾ.

ಅವನು ಗಿಡದ ಮುಂದೆ ನಿಂತ. ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಇಲ್ಲಿ ಕಣ್ಣು ಮುಚ್ಚಿ ನಿಂತು, ಅಮ್ಮ ಹೇಳಿಕೊಟ್ಟ ಹಾಗೆ ಬೆರಳಿನಿಂದ ತಡವಿ ಕೊಯ್ದಿದ್ದ. ಕಣ್ಣು ಮುಚ್ಚಿ ಜಪ ಮಾಡುತ್ತಾರೆ ಉಪಾಧ್ಯರು ಎಂದು ನೆರೆಯವರು ಮೆಚ್ಚಿದ್ದರು. ಇವತ್ತು ಕಣ್ಣು ತೆರೆದೇ ಕೈ ಹಾಕಿದ. ಬೆರಳಿನ ಮಾತು ಕೇಳಬಾರದೆಂದು ಹಟ ಹಿಡಿದ. ಹೂ ಎಂದು ತನ್ನ ಕಣ್ಣಿಗೆ ತೋರಿದ್ದನ್ನು ಕಿತ್ತ. ಮತ್ತೆ ಕಿತ್ತ. ಬುಟ್ಟಿಯ ತಳ ಮುಚ್ಚಿತು. ಗೆಲ್ಲು ಬಗ್ಗಿಸಿ ಎರಡು ಕೈಯಲ್ಲೂ ಕೀಳತೊಡಗಿದ. ಕೆಲವು ದಪ್ಪಗಿದ್ದವು, ಕೆಲವು ನೂಲಿನಷ್ಟು ತೆಳುವಾಗಿದ್ದವು. ಎಲ್ಲವನ್ನೂ ಹಾಕಿದ. ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತು.

ವಾರಿಜಾ ಎದ್ದು ಬಾಗಿಲ ಬಳಿ ಬಂದಳು. ಬುಟ್ಟಿಯಲ್ಲಿ ಎಂತ ಉಂಟೆಂದು ಇಣುಕಿದಳು. ಆದರೆ ಅಷ್ಟರಲ್ಲಿ ಬೆಳಕು ಪೂರಾ ಹೋಗಿತ್ತು. ಅಂಗಳ, ಗಿಡ, ಬುಟ್ಟಿ, ಅವಳ ಹಣೆಯ ಕುಂಕುಮ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದ್ದವು. ಅವಳ ಕೈ ಗೋಡೆಯ ಮೇಲೆ ಸ್ವಿಚ್ಚು ತಡವಿತು.

"ದೀಪ ಹಾಕಬೇಡ," ಎಂದ ಅನಂತೇಶ.

ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟು ಹಾಗೆಯೇ ನಿಂತಳು. ಅವನು ಬೋಳಾಗುತ್ತಿದ್ದ ಗಿಡದ ಕಡೆ ಮತ್ತೆ ತಿರುಗಿ, ಕೈಗೆ ಸಿಕ್ಕಿದ್ದನ್ನು ಕೀಳುತ್ತಲೇ ಇದ್ದ.